ಸ್ವಂತ ಮಾತಿನಲ್ಲಿ ಉತ್ತರಿಸಿ

ಜೋಳದ ಹಿಟ್ಟಿಗೆ ಕುದಿಯುವ ನೀರು ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ. ಅದನ್ನು ಪರಿಮಳ ಎನ್ನಲು ನಾನು ಸಿದ್ಧಳಿಲ್ಲ. ಒದ್ದೆ ಮಣ್ಣಿಗೂ ಹಳೆಯ ಗೋಣಿಚೀಲಕ್ಕೂ ನಡುವಿನದೇನೋ ಅದು. ಕಳೆದ ಶನಿವಾರ ನ್ಯೂ ಲಿನ್‌ನ ನನ್ನ ಫ್ಲ್ಯಾಟಿನಲ್ಲಿ ಆ ವಾಸನೆ ಎದ್ದಾಗ ಫ್ಲ್ಯಾಟ್‌ಮೇಟ್ ತನ್ನ ಕೋಣೆಯಿಂದ ಇಣುಕಿ, ಏನಾದರೂ ಸುಡುತ್ತಿದೆಯೇ ಎಂದು ಕೇಳಿದಳು. ಏನೂ ಸುಡುತ್ತಿರಲಿಲ್ಲ. ನಾನು ಚಮಚ ಹಿಡಿದು ಸುಮ್ಮನೆ ನಿಂತಿದ್ದೆ, ಅಷ್ಟೆ. ಆ ವಾಸನೆಗೆ ಬೇರೆಯವರಿಗೆ ರೊಟ್ಟಿ ನೆನಪಾಗುತ್ತದೆ. ನನಗೆ ನೆನಪಾಗುವುದು ಮನುಷ್ಯನ ಹೃದಯ, ಅದರ ನಾಲ್ಕು ಕೋಣೆಗಳು, ನಾಲ್ಕು ಕವಾಟಗಳು... ಮತ್ತು ಹಿಂದಿನ ಮನೆಯ ಆಂಟಿ.

2015ರ ಆಸುಪಾಸಿನ ಮಾತು. ಆಗ ನಾವು ಇಲ್ಲಿಂದ ನಾಲ್ಕು ಸ್ಟೇಷನ್ ಆಚೆಯ ಹೆಂಡರ್ಸನ್‌ನಲ್ಲಿದ್ದೆವು. ಒಂದೇ ಡ್ರೈವ್‌ವೇಗೆ ಎರಡು ಮನೆ. ಮುಂದಿನದು ನಮ್ಮದು, ಹಿಂದಿನದು ಅವರದು. ಅವರ ಅಡುಗೆಮನೆಯ ಕಿಟಕಿ ನನ್ನ ಓದುವ ಮೇಜಿನ ಎದುರಿಗೇ ತೆರೆಯುತ್ತಿತ್ತು. ಅವರು ಬಾಗಲಕೋಟೆ ಕಡೆಯವರು. ಅಲ್ಲಿನ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ವಿಜ್ಞಾನ ಕಲಿಸಿದ್ದರು. ಅಂಕಲ್‌ಗೆ ಇಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ ಬಂದಮೇಲೆ ಆ ಹನ್ನೊಂದು ವರ್ಷ ವೀಸಾ ಅರ್ಜಿಯ 'ಅವಲಂಬಿತರು' ಎಂಬ ಒಂದು ಪದದೊಳಗೆ ಮಡಚಿಹೋಗಿತ್ತು.

ಅವರಿಗೆ ನರ್ಸ್ ಆಗುವ ಆಸೆ. ಟೀಚರ್ ಯಾಕಾಗಬಾರದು ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಇಲ್ಲಿ ಕಲಿಸಬೇಕಾದರೆ ಬಾಯಿ ಬೇಕು, ನರ್ಸಿಗೆ ಕೈ ಇದ್ದರೆ ನಡೆಯುತ್ತದೆ ಎಂದಿದ್ದರು. ಆ ಲೆಕ್ಕ ತಪ್ಪೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಪಾಲಿಟೆಕ್ನಿಕ್ಕಿನಲ್ಲಿ ಅದು ಮೂರು ವರ್ಷದ ಓದು. ಅವರ ಬಿ.ಎಸ್ಸಿ. ಅಂಕಪಟ್ಟಿ ನೋಡಿ ಮೊದಲ ವರ್ಷದ ಬಹುಪಾಲನ್ನು ಮನ್ನಾ ಮಾಡಿದ್ದರು. ಉಳಿದದ್ದು ಶರೀರದ ರಚನೆ ಮತ್ತು ಕೆಲಸದ ಬಗ್ಗೆ ಇದ್ದ ಒಂದು ಪೇಪರ್. ಅದಕ್ಕೂ ತರಗತಿಗೆ ಹೋಗಬೇಕಿರಲಿಲ್ಲ. ವರ್ಷದ ಕೊನೆಗೆ ಎಲ್ಲ ವಿದ್ಯಾರ್ಥಿಗಳೂ ಬರೆಯುವ ಅದೇ ಪರೀಕ್ಷೆಯನ್ನು ಬರೆದು ಪಾಸಾದರೆ ಕ್ರೆಡಿಟ್ ಕೊಟ್ಟು ನೇರವಾಗಿ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತಿದ್ದರು. ಅವಕಾಶ ಒಂದೇ ಸಲ. ನಮ್ಮ ಊರಿನಲ್ಲಿ ಪೇಪರ್ ಎಂದರೆ ಪರೀಕ್ಷೆ, ಇಲ್ಲಿ ಪೇಪರ್ ಎಂದರೆ ಆರು ತಿಂಗಳ ಪಾಠ. ಹಾಗಾಗಿ ಆಂಟಿ ಬಂದು "ಪೇಪರ್ ಮಾಡೂದಿಲ್ರಿ, ಬರೇ ಪೇಪರ್ ಬರೀತೇನಿ" ಎಂದಾಗ ನನ್ನ ಅಮ್ಮ ಅರ್ಧ ದಿನ ತಲೆ ಕೆರೆದುಕೊಂಡಿದ್ದಳು.

ಒಂದು ವರ್ಷ ಉಳಿಸುವುದಕ್ಕೆ ಇಷ್ಟು ಒದ್ದಾಟ ಯಾಕೆಂದರೆ ಅಂಕಲ್‌ಗೆ ಒಂದು ದಿನದ ದಾರಿಯಷ್ಟು ದೂರದ, ವೆಲ್ಲಿಂಗ್ಟನ್ ಪಕ್ಕದ ಪೊರಿರುವಾಕ್ಕೆ ವರ್ಗ ಆಗುವುದಿತ್ತು. ಎರಡು ವರ್ಷವಾದರೆ ಅಲ್ಲೊಬ್ಬರು ಇಲ್ಲೊಬ್ಬರು ಇದ್ದು ಹೇಗೋ ಸಾಗಿಸೋಣ, ಮೂರು ವರ್ಷ ನನ್ನಿಂದಾಗದು ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ, ಖಡಾಖಂಡಿತವಾಗಿ ಮಾತಾಡುವವರು. ಹೀಗಾಗಿ ಆಂಟಿಯ ನರ್ಸಿಂಗ್ ಪೂರ್ತಿಯಾಗಿ ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು.

ಅವರು ಓದುತ್ತಿದ್ದ ರೀತಿಯನ್ನು ನಾನು ಕಿಟಕಿಯಿಂದಲೇ ಕಲಿತೆ ಎನ್ನಬೇಕು. ನಲ್ಲಿಗೆ ಆನಿಸಿ ಆ ದಪ್ಪ ಪಠ್ಯಪುಸ್ತಕ, ಅದರ ಮುಂದೆ ಹಿಟ್ಟು. ರೊಟ್ಟಿ ಬಡಿಯುತ್ತ ಒಂದೊಂದೇ ವಾಕ್ಯವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ ತಟ್ ತಟ್, ಇಂಗ್ಲಿಷ್ ವಾಕ್ಯದ ಅರ್ಧ. ರೊಟ್ಟಿ ಒಂದು ಸುತ್ತು ತಿರುಗುತ್ತಿತ್ತು. ತಟ್ ತಟ್ ತಟ್, ಇನ್ನರ್ಧ. ಹಂಚಿಗೆ ಹಾಕುವಾಗ ಪೂರ್ಣವಿರಾಮ. ಪುಸ್ತಕದ ಬೆನ್ನಿನ ಮಡಿಕೆಯಲ್ಲೆಲ್ಲ ಹಿಟ್ಟು ಕೂತಿತ್ತು. ವಾರಕ್ಕೊಂದು ಅಧ್ಯಾಯ ಬಾಯಿಗೆ ಬರುತ್ತಿತ್ತು, ನಮ್ಮ ಮನೆಗೂ ನಾಲ್ಕು ರೊಟ್ಟಿ ಬರುತ್ತಿತ್ತು.

ನಾನು ಆಗ ಹದಿನೇಳರವಳು, ಶಾಲೆಯ ಚರ್ಚಾತಂಡದಲ್ಲಿ ಮೂರನೆಯ ಸ್ಪೀಕರ್. ಮೂರನೆಯವರ ಕೆಲಸ ಎದುರಾಳಿಯ ಮಾತನ್ನು ಒಡೆಯುವುದು. ಅದನ್ನು ನಾನು ಶಾಲೆಯಲ್ಲೇ ಬಿಟ್ಟು ಬರುತ್ತಿರಲಿಲ್ಲ. ಬಾಯಿಪಾಠ ಕಲಿಕೆಯೇ ಅಲ್ಲ, ಗಿಳಿಯೂ ಮಾಡುತ್ತದೆ, ಪುಸ್ತಕವೇ ಕಪಾಟಿನಲ್ಲಿರುವಾಗ ಅದರ ಎರಡನೆಯ ಪ್ರತಿಯನ್ನು ತಲೆಯಲ್ಲಿಡುವುದು ಯಾಕೆ ಎಂದು ಅವರ ಅಡುಗೆಮನೆಯಲ್ಲಿ ನಿಂತು, ಅವರದೇ ರೊಟ್ಟಿ ತಿನ್ನುತ್ತ ವಾದಿಸಿದ್ದೆ. ಅವರು ನನ್ನನ್ನು ಬ್ಯಾರಿಸ್ಟರ್ ಬಾಯಿ ಎಂದು ಕರೆಯುತ್ತಿದ್ದರು. ಅವರ ಕಡೆ ಹೆಂಗಸರ ಹೆಸರಿಗೆ ಹಚ್ಚುವ ಬಾಯಿಯೋ, ಮಾತಾಡುವ ಬಾಯಿಯೋ, ಅದನ್ನು ಬಿಡಿಸಿ ಹೇಳುತ್ತಿರಲಿಲ್ಲ.

"ಬಾಯಾಗ ಇದ್ದದ್ದು ಇವತ್ತಲ್ಲ ನಾಳೆ ಹೊಟ್ಟಿಗೆ ಇಳೀತೈತಿ" ಎಂದರು ಆ ದಿನ, ಹಿಟ್ಟಿನ ಕೈಯನ್ನು ನನ್ನ ಕಡೆ ತೋರಿಸಿ. "ಬಾಯಾಗ ಇಲ್ಲದ್ದು ಎಲ್ಲಿಂದ ಇಳೀಬೇಕು ಹೇಳ್ ನೋಡೂಣು, ಬ್ಯಾರಿಸ್ಟರ್ ಬಾಯಿ."

ಉತ್ತರವಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಹಾಗಾಗಿ ವಿಷಯ ಬದಲಿಸಿದೆ.

ನವೆಂಬರಿನಲ್ಲಿ ಅವರು ಪರೀಕ್ಷೆ ಬರೆದರು. ನನ್ನ ಶಾಲೆಯ ಕೊನೆಯ ಪರೀಕ್ಷೆಗಳೂ ಅದೇ ವಾರ. ಬರೆದು ಬಂದ ಆಂಟಿ ಬಹಳ ಗೆಲುವಾಗಿದ್ದರು. ಹೃದಯದ ಪ್ರಶ್ನೆಯೇ ದೊಡ್ಡದಾಗಿ ಬಂದಿತ್ತು, ಒಂದಕ್ಷರ ಬಿಡದೆ ಬರೆದಿದ್ದೇನೆ ಎಂದರು. ಆ ಮಾತು ನಿಜವಾಗಿತ್ತು. ತೊಂದರೆಯಾದದ್ದೇ ಅದರಿಂದ.

ಡಿಸೆಂಬರಿನ ಮೊದಲ ವಾರ ಪತ್ರ ಬಂತು. ಉತ್ತರ ಪತ್ರಿಕೆಯ ಮೂರು ಪುಟಗಳು ಪಠ್ಯಪುಸ್ತಕದೊಂದಿಗೆ ಪದಕ್ಕೆ ಪದ ಹೊಂದುತ್ತಿವೆ, ಅಲ್ಪವಿರಾಮಗಳೂ ಸೇರಿ; ಪರೀಕ್ಷೆಯಲ್ಲಿ ನಕಲು ನಡೆದಿರಬಹುದೆಂಬ ಅನುಮಾನವಿದೆ; ಬಂದು ವಿವರಣೆ ಕೊಡಬಹುದು; ಬೇಕಿದ್ದರೆ ಜೊತೆಗೊಬ್ಬ ಸಪೋರ್ಟ್ ಪರ್ಸನ್ ಕರೆತರಬಹುದು. ಬಾಗಲಕೋಟೆಯಲ್ಲಿ ಹಾಗೆ ಬರೆದ ಮಕ್ಕಳ ಉತ್ತರವನ್ನು ಆಂಟಿ ಬೋರ್ಡಿನ ಮೇಲೆ ಹಾಕಿ ತೋರಿಸುತ್ತಿದ್ದರಂತೆ. ಪತ್ರವನ್ನು ಎರಡು ಸಲ ಓದಿ, ನಕಲು ಎಂಬ ಪದದ ಮೇಲೆ ಬೆರಳಿಟ್ಟುಕೊಂಡು ನಮ್ಮ ಸೋಫಾದಲ್ಲಿ ಕೂತಿದ್ದರು. ಅಂಕಲ್‌ಗೆ ಹೇಳಿರಲಿಲ್ಲ. ಸಪೋರ್ಟ್ ಪರ್ಸನ್ ಆಗಿ ಅವರು ಕೇಳಿದ್ದು ನನ್ನನ್ನು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಕೊನೆಗೂ ಒಂದು ನಿಜವಾದ ಕೇಸು! ಎರಡು ದಿನ ಕೂತು ಸಣ್ಣ ಕಾರ್ಡುಗಳ ಮೇಲೆ ವಾದ ಬರೆದುಕೊಂಡೆ. ಹೆಂಡರ್ಸನ್‌ನಿಂದ ರೈಲಿನಲ್ಲಿ ಹೊರಟಾಗಲೂ ಕಾರ್ಡುಗಳನ್ನೇ ತಿರುವುತ್ತಿದ್ದೆ. ಆಂಟಿ ಪತ್ತಲದ ಸೀರೆಯುಟ್ಟು, ತೊಡೆಯ ಮೇಲೆ ಆ ಪಠ್ಯಪುಸ್ತಕ ಇಟ್ಟುಕೊಂಡಿದ್ದರು. ದಾರಿಯಲ್ಲಿ ಒಂದೇ ಮಾತು ಕೇಳಿದರು.

"ಇಂಗ್ಲಿಷ್ ನಡುವ ಸಿಕ್ಕೊಂಡ್ರ ನಾ ಕನ್ನಡದಾಗ ಹೇಳತೇನಿ. ನೀ ಇಂಗ್ಲಿಷಿನ್ಯಾಗ ಹೇಳತಿ ಹೌದಿಲ್ಲೋ?"

ಹೇಳುತ್ತೇನೆ ಎಂದೆ. ಎಂಟನೆಯ ವಯಸ್ಸಿಗೆ ಹುಬ್ಬಳ್ಳಿ ಬಿಟ್ಟವಳು ನಾನು. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಬಯ್ದರೆ ಇಂಗ್ಲಿಷಿನಲ್ಲಿ ಎದುರು ಮಾತಾಡುವಷ್ಟು ಕನ್ನಡ ಬರುತ್ತಿತ್ತು. ಅದು ಸಾಕು ಎಂದುಕೊಂಡಿದ್ದೆ.

ಕೋಣೆಯಲ್ಲಿ ಇಬ್ಬರಿದ್ದರು. ವಿಭಾಗದ ಮುಖ್ಯಸ್ಥೆ, ಬೆಳ್ಳಿಗೂದಲಿನ ಹೆಂಗಸು. ನಾವು ಕುಳಿತುಕೊಳ್ಳುವ ಮೊದಲೇ ಚಹಾ ಕೊಟ್ಟರು. ಇನ್ನೊಬ್ಬರು ಉತ್ತರ ಪತ್ರಿಕೆ ನೋಡಿದ ಪರೀಕ್ಷಕ, ಇಲ್ಲಿ ಡಿಸೆಂಬರ್ ಎಂದರೆ ಬೇಸಿಗೆಯಾದ್ದರಿಂದ ಚಡ್ಡಿಯಲ್ಲೇ ಬಂದಿದ್ದ ಎತ್ತರದ ಮನುಷ್ಯ. ಇಬ್ಬರೂ ಒಳ್ಳೆಯವರೇ. ಅವರನ್ನು ಕೆಟ್ಟವರನ್ನಾಗಿ ಮಾಡಿದ್ದರೆ ಈ ಲೇಖನ ನನಗೆ ಸುಲಭವಾಗುತ್ತಿತ್ತು.

ನಾನು ಮೊದಲ ಕಾರ್ಡಿನ ವಾದವನ್ನು ಇಟ್ಟೆ: ನಕಲೆಂದರೆ ಹೊರಗಿನಿಂದ ತಂದದ್ದು, ನೆನಪು ಒಳಗಿನದ್ದು, ಪರೀಕ್ಷಿಸಿ ನೋಡಿ. ಪುಸ್ತಕವನ್ನು ಅವರ ಮುಂದಿಟ್ಟು, ಯಾವ ಪುಟ ಬೇಕಾದರೂ ತೆರೆಯಿರಿ ಎಂದೆ. ಪರೀಕ್ಷಕ ಮೂತ್ರಪಿಂಡದ ಅಧ್ಯಾಯ ತೆರೆದು ಮೊದಲ ಎರಡು ಪದ ಓದಿದರು. ಆಂಟಿ ಕಣ್ಣು ಮುಚ್ಚಿದರು. ಅಂಗೈ ತಾನಾಗಿ ಮೇಜಿನ ಮೇಲೆ ಬಂತು. ತಟ್ ತಟ್ ತಟ್... ಒಂದು ಪುಟ, ಎರಡು ಪುಟ, ಚಿತ್ರದ ಕೆಳಗಿನ ಸಣ್ಣ ಅಕ್ಷರಗಳು ಸಹ. ಅರ್ಧ ವಾಕ್ಯಕ್ಕೊಮ್ಮೆ ಕೈ ಕಾಣದ ರೊಟ್ಟಿಯನ್ನು ತಿರುಗಿಸುತ್ತಿತ್ತು. ಪರೀಕ್ಷಕ ಬೆರಳಿನಿಂದ ಸಾಲುಗಳನ್ನು ಹಿಂಬಾಲಿಸುತ್ತ ಹೋಗಿ ಕೊನೆಗೆ ಪುಸ್ತಕ ಮುಚ್ಚಿ, ಇಂಥದ್ದನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದರು. ನಕಲಿನ ಮಾತು ಅಲ್ಲಿಗೆ ಹೆಚ್ಚುಕಡಿಮೆ ಸತ್ತಿತ್ತು.

ಮುಖ್ಯಸ್ಥೆ ಮಾತ್ರ ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದರು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ ಸರಿಯಾಗಿ ಮುಚ್ಚದಿದ್ದರೆ ರೋಗಿಗೆ ಮೊದಲು ಏನಾಗುತ್ತದೆ, ಯಾಕೆ? ಪುಸ್ತಕದ್ದು ಬೇಡ, ನಿಮ್ಮ ಸ್ವಂತ ಮಾತಿನಲ್ಲಿ ಹೇಳಿ.

ಆಂಟಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಮೂರು ಪದ ಬಂತು, ನಾಲ್ಕನೆಯದಕ್ಕೆ ನಿಂತರು. ಮೇಜಿನ ಮೇಲಿನ ಕೈ ತಾಳ ಹುಡುಕಿತು, ಸಿಗಲಿಲ್ಲ. ಆಗ ನನ್ನ ಕಡೆ ತಿರುಗಿದರು. ತಿರುಗಿದ ಕೂಡಲೇ ಮುಖ ಬೇರೆಯಾಯಿತು. ಕನ್ನಡದಲ್ಲಿ ಸರಸರ ಹೇಳತೊಡಗಿದರು, ಎರಡೂ ಕೈಯಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ. ಹನ್ನೊಂದು ವರ್ಷ ಬೋರ್ಡಿನ ಮುಂದೆ ಹೀಗೇ ನಿಂತಿದ್ದರೇನೋ ಎಂದು ನನಗೆ ಈಗ ಅನಿಸುತ್ತದೆ. ಆಗ ನನಗೆ ಅನಿಸಿದ್ದು ಬೇರೆ. ಹೃತ್ಕರ್ಣ, ಹೃತ್ಕುಕ್ಷಿ ಎಂಬ ಪದಗಳು ಕಿವಿಗೆ ಬಿದ್ದವು; ಪೂಜೆಯ ಮಂತ್ರದ ಹಾಗಿದ್ದವು. ಆಮೇಲೆ ಕಾಲುವೆ ಬಂತು, ಗೇಟು ಬಂತು, ಹಿಂದಿನ ಹೊಲ ಬಂತು, ಹೊಲ ಏನೋ ಜವಳ ಬೀಳುತ್ತದೆ ಎಂದರು. ಜವಳಿ ಎಂದರೆ ಬಟ್ಟೆ ಎಂದಷ್ಟೇ ನನಗೆ ಗೊತ್ತಿತ್ತು. ಹೃದಯದ ಪ್ರಶ್ನೆಗೆ ಹೊಲ, ಬಟ್ಟೆ? ಗಾಬರಿಯಲ್ಲಿ ಆಂಟಿ ಎಲ್ಲಿಗೋ ಹೋಗಿಬಿಟ್ಟರು, ಊರಿಗೇ ಹೋಗಿಬಿಟ್ಟರು ಎಂದುಕೊಂಡೆ.

ಪರೀಕ್ಷಕ ನನ್ನತ್ತ ನೋಡಿ ಕೇಳಿದರು: ಅವರು ಏನು ಹೇಳಿದರು?

ನನಗೆ ಅರ್ಥವಾಗಲಿಲ್ಲ ಎನ್ನಬಹುದಿತ್ತು. ಇನ್ನೊಮ್ಮೆ ನಿಧಾನ ಹೇಳಿ ಆಂಟಿ ಎನ್ನಬಹುದಿತ್ತು. ಎರಡೂ ಒಂದೊಂದು ವಾಕ್ಯದ ಕೆಲಸ. ನಾನು ಮಾಡಿದ್ದು ತಂಡದಲ್ಲಿ ಕಲಿಸಿಕೊಟ್ಟದ್ದನ್ನು: ಚಿಕ್ಕದನ್ನು ಬಿಟ್ಟುಕೊಡು, ದೊಡ್ಡದನ್ನು ಗೆಲ್ಲು. ಅವರು ಗಾಬರಿಯಾಗಿದ್ದಾರೆ ಎಂದೆ. ಅವರು ಓದಿದ ಕಡೆ ಕಲಿಕೆ ಎಂದರೆ ಬಾಯಿಪಾಠ, ಅರ್ಥಮಾಡಿಕೊಂಡಿದ್ದೀರಾ ಎಂದು ಅಲ್ಲಿ ಯಾರೂ ಕೇಳುವುದೇ ಇಲ್ಲ; ಇದು ಮೋಸವಲ್ಲ, ಅಭ್ಯಾಸ; ಒಂದು ವ್ಯವಸ್ಥೆಯ ತಪ್ಪಿಗೆ ಒಬ್ಬ ವ್ಯಕ್ತಿಯನ್ನು ಶಿಕ್ಷಿಸಬಾರದು ಎಂದೆ. ಚೆನ್ನಾಗಿಯೇ ಹೇಳಿದೆ. ಮುಖ್ಯಸ್ಥೆ ತಲೆಯಾಡಿಸುತ್ತ ಬರೆದುಕೊಂಡರು.

ಆಂಟಿಗೆ ಇಂಗ್ಲಿಷ್ ಆಡಲು ಕಷ್ಟವಿತ್ತು, ಕೇಳಲು ಅಲ್ಲ. ನಾನು ಹೇಳಿದ ಪ್ರತಿಯೊಂದು ಪದವೂ ಅವರಿಗೆ ತಿಳಿದಿತ್ತು. ಗಾಳಿಯಲ್ಲಿದ್ದ ಕೈಗಳನ್ನು ಇಳಿಸಿ ಮಡಿಲಿನಲ್ಲಿ ಇಟ್ಟುಕೊಂಡರು.

ಹೊರಡುವ ಮುಂಚೆಯೇ ಮುಖ್ಯಸ್ಥೆ, ನಕಲಿನ ಆರೋಪ ಮುಂದುವರಿಸುವುದಿಲ್ಲ ಎಂದು ಬಾಯಿಮಾತಿನಲ್ಲಿ ತಿಳಿಸಿದರು. ವಾಪಸ್ ರೈಲಿನಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. "ಆಂಟಿ, ಗೆದ್ವಿ!" ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮುಖ ತಿರುಗಿಸದೆಯೇ "ಹೂಂ ನವಾ, ಗೆದ್ದಿ" ಎಂದರು.

ಗೆದ್ವಿ ಎಂದರೆ ನಾವು ಗೆದ್ದೆವು, ಗೆದ್ದಿ ಎಂದರೆ ನೀನು ಗೆದ್ದೆ. ನಡುವೆ ಒಂದಕ್ಷರದ ಅಂತರ. ಅದು ನನ್ನ ಕಿವಿಗೆ ಬೀಳಲು ವಾರ ಹಿಡಿಯಿತು, ಅಂದರೆ ಪತ್ರ ಬರುವ ತನಕ. ಅಭ್ಯರ್ಥಿಯಿಂದ ಯಾವ ಅಪ್ರಾಮಾಣಿಕತೆಯೂ ನಡೆದಿಲ್ಲ ಎಂದು ಮೊದಲ ಪ್ಯಾರಾ ಹೇಳುತ್ತಿತ್ತು. ಆದರೆ ಉತ್ತರಗಳು ನೆನಪಿನಿಂದ ಬಂದವೇ ಹೊರತು ತಿಳಿವಳಿಕೆಯಿಂದಲ್ಲ ಎಂದು ಅವರ ಪರವಾಗಿ ಬಂದವರೇ ಒಪ್ಪಿಕೊಂಡಿರುವುದರಿಂದ ಕ್ರೆಡಿಟ್ ಕೊಡಲಾಗುತ್ತಿಲ್ಲ, ಮೊದಲ ವರ್ಷಕ್ಕೆ ಸೇರಲು ಸ್ವಾಗತ ಎಂದು ಎರಡನೆಯದು. ಅವರ ಪರವಾಗಿ ಬಂದವರು... ಎಷ್ಟು ಸಭ್ಯವಾದ ಪದ.

ಅಲ್ಲಿಗೆ ಓದು ಮೂರು ವರ್ಷದ್ದಾಯಿತು. ಮೂರು ವರ್ಷ ಅಂಕಲ್‌ನಿಂದಾಗದು. ಜನವರಿಯ ಕೊನೆಗೆ ಡ್ರೈವ್‌ವೇಯಲ್ಲಿ ಸಾಮಾನಿನ ಲಾರಿ ನಿಂತಿತ್ತು.

ಹೊರಡುವ ದಿನ ಆಂಟಿ ಒಂದು ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ನಾನು ಆ ದಿನಕ್ಕೂ ಒಂದು ಭಾಷಣ ತಯಾರು ಮಾಡಿಟ್ಟುಕೊಂಡಿದ್ದೆ. ಮೊದಲ ವರ್ಷ ಸೇರಿದರೆ ಏನಾಗುತ್ತದೆ, ವೆಲ್ಲಿಂಗ್ಟನ್ ಕಡೆಯೂ ಕಾಲೇಜುಗಳಿವೆ, ಹೀಗೆ. ಅವರು ನನ್ನ ಗಲ್ಲ ಮುಟ್ಟಿ ಅದನ್ನು ಅಲ್ಲಿಗೇ ನಿಲ್ಲಿಸಿದರು.

"ಅವತ್ತು ನಿನಗ ತಿಳೀಲಿಲ್ಲ ಅಂತ ನನಗ ಗೊತ್ತಾತು. ಹನ್ನೊಂದು ವರ್ಷ ಮಕ್ಕಳ ಮಾರಿ ನೋಡೇನಿ, ತಿಳೀದ ಗೋಣು ಹಾಕೋರು ನನಗ ಗೊತ್ತಾಗತಾರ. ಇನ್ನೊಮ್ಮೆ ತಿಳೀಲಿಲ್ಲಂದ್ರ ಕೈ ಎತ್ತವಾ. ಟೀಚರ್ ಏನು ಹೊಡ್ಯೂದಿಲ್ಲ."

ಬಯ್ದಿದ್ದರೆ ನಾನು ಎದುರು ವಾದಿಸುತ್ತಿದ್ದೆ. ಅವರು ನಗುತ್ತಿದ್ದರು. ಕಾರು ಡ್ರೈವ್‌ವೇಯಲ್ಲಿ ಹಿಂದೆ ಸರಿದು ಹೋಯಿತು.

ಆ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಎರಡು ಕಾಲಮ್ಮುಗಳಿದ್ದವು: ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ. ನಾನು ಮೂರನೆಯ ತರಗತಿಯ ಮಗುವಿನಂತೆ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಹೃತ್ಕರ್ಣ ಮೇಲಿನ ಕೋಣೆ, ಹೃತ್ಕುಕ್ಷಿ ಕೆಳಗಿನದು. ಕೊನೆಯ ಪುಟದಲ್ಲಿ ಹೃದಯದ ಚಿತ್ರ. ಪಕ್ಕದಲ್ಲಿ ಅದೇ ಆಕಾರದ ಇನ್ನೊಂದು ಚಿತ್ರ, ಅದರಲ್ಲಿ ಕಾಲುವೆ, ಗೇಟು, ಹೊಲ. ಕೆಳಗೆ ಟೀಚರಮ್ಮನ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಗೇಟು ಬಿಗಿಯಾಗಿ ಮುಚ್ಚದಿದ್ದರೆ ಹೃತ್ಕುಕ್ಷಿಯ ರಕ್ತ ಮುಂದೆ ಹೋಗುವ ಬದಲು ಹೃತ್ಕರ್ಣಕ್ಕೆ ಹಿಂದೊತ್ತುತ್ತದೆ. ಹಿಂದಿನ ಹೊಲ ಜವಳು ಬೀಳುತ್ತದೆ. ಶ್ವಾಸಕೋಶವೇ ಆ ಹಿಂದಿನ ಹೊಲ. ಆದ್ದರಿಂದ ಮೊದಲು ದಮ್ಮು, ಮಲಗಿದರೆ ಇನ್ನೂ ಹೆಚ್ಚು.'

ಅಮ್ಮನನ್ನು ಕೇಳಿದೆ, ಜವಳು ಎಂದರೇನು? ಕಾಲುವೆಯ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಹೊಲದಲ್ಲೇ ಇಂಗಿ ನಿಂತು, ಮಣ್ಣು ಉಸಿರಾಡಲಾರದೆ ಕೆಡುವುದು ಎಂದಳು. ಆ ಕಡೆ ಕೆನಾಲ್ ಬಂದಮೇಲೆ ಅಂಥ ಹೊಲ ಬಹಳ ಎಂದಳು. ಮಣ್ಣು ಉಸಿರಾಡಲಾರದೆ. ನಾನು ಇಂಟರ್ನೆಟ್ಟಿನಲ್ಲಿ ಆ ಕವಾಟದ ಕಾಯಿಲೆಯನ್ನು ಹುಡುಕಿ ನೋಡಿದೆ. ಆಂಟಿಯ ಉತ್ತರ ಪೂರ್ತಿ ಸರಿಯಾಗಿತ್ತು. ಅಷ್ಟೇ ಅಲ್ಲ, ಅಲ್ಲಿದ್ದ ಯಾವ ವಿವರಣೆಗಿಂತಲೂ ಬೇಗ ತಿಳಿಯುವ ಹಾಗಿತ್ತು.

ಪಾಲಿಟೆಕ್ನಿಕ್ಕಿಗೆ ಒಂದು ಉದ್ದನೆಯ ಇಮೇಲ್ ಬರೆದೆ. ತೀರ್ಮಾನ ಮುಗಿದಿದೆ ಎಂದು ಸೌಜನ್ಯದ ಉತ್ತರ ಬಂತು.

ಪಾಲಿಟೆಕ್ನಿಕ್ಕಿನವರ ಪಕ್ಷವನ್ನೂ ನಾನು ಚರ್ಚಾಸ್ಪರ್ಧೆಯ ಎಂಟು ನಿಮಿಷ ನಿಂತು ವಾದಿಸಬಲ್ಲೆ. ವಾರ್ಡಿನಲ್ಲಿ ಡಾಕ್ಟರು ಕೇಳಿದಾಗ ನರ್ಸ್ ಉತ್ತರಿಸಬೇಕಾದದ್ದು ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಹದಿನೇಳರ ಹುಡುಗಿಯನ್ನು ನಿಲ್ಲಿಸಿಕೊಂಡು ಅಲ್ಲ. ಒಪ್ಪುತ್ತೇನೆ. ಆದರೆ ಆ ದಿನದ ಪ್ರಶ್ನೆ ಇಂಗ್ಲಿಷ್ ಬರುತ್ತದೆಯೇ ಎಂದಾಗಿರಲಿಲ್ಲ. ತಿಳಿದಿದೆಯೇ ಎಂದಾಗಿತ್ತು, ಸ್ವಂತ ಮಾತಿನಲ್ಲಿ ಹೇಳಿ ಎಂದಾಗಿತ್ತು. ಅವರು ಹೇಳಿದರು. ಇದಕ್ಕಿಂತ ಸ್ವಂತದ ಮಾತು ಅವರಲ್ಲಿ ಬೇರೆ ಇರಲಿಲ್ಲ. ಆ ಮಾತು ಮೇಜಿನ ಆಚೆ ಬದಿಗೆ ತಲುಪಲಿಲ್ಲ, ಯಾಕೆಂದರೆ ನಡುವಿನ ಗೇಟು ನಾನು.

ಪೊರಿರುವಾದಲ್ಲಿ ಅವರು ಒಂದು ವೃದ್ಧಾಶ್ರಮದಲ್ಲಿ ಕೇರ್‌ಗಿವರ್ ಆಗಿ ಸೇರಿದರು. ಅಲ್ಲಿನ ಮುದುಕರಿಗೆ ಇವರು ಬಹಳ ಬೇಕಾದವರಾಗಿದ್ದರಂತೆ. ಮೊದಮೊದಲು ತಿಂಗಳಿಗೊಮ್ಮೆ ಫೋನು. ನನ್ನ ಓದು ಕೇಳುತ್ತಿದ್ದರು, ನೋಟ್‌ಬುಕ್ ಯಾವ ಪುಟಕ್ಕೆ ಬಂತು ಎಂದು ಕೇಳುತ್ತಿದ್ದರು. ಕನ್ನಡ ಓದುವುದನ್ನು ನಾನು ಮತ್ತೆ ಕಲಿತದ್ದು ಆ ಪುಟಗಳಿಂದ. ಹಾಗಾಗಿ ನನಗೆ ಈವತ್ತಿಗೂ ಹೂವುಗಳ ಹೆಸರಿಗಿಂತ ಗ್ರಂಥಿಗಳ ಹೆಸರು ಚೆನ್ನಾಗಿ ಬರುತ್ತದೆ. ಅವರ ಉತ್ತರ ಸರಿಯಾಗಿತ್ತು, ತಪ್ಪಿದ್ದು ನಾನು ಎಂದು ಹೇಳಲು ಪ್ರತಿ ಸಲವೂ ಹೊರಡುತ್ತಿದ್ದೆ. ಪ್ರತಿ ಸಲವೂ ಹವಾಮಾನ ಮಾತಾಡಿ ಫೋನಿಡುತ್ತಿದ್ದೆ. ವಾದ ಬರುವವರಿಗೆ ತಪ್ಪೊಪ್ಪಿಗೆಯೂ ಬರಬೇಕೆಂದೇನಿಲ್ಲ... ಫೋನುಗಳು ಕಡಿಮೆಯಾದವು, ನಿಂತವು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ನಮ್ಮ ಜನರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂತು. ಯಾರೋ ಫೋಟೋ ಹಾಕಿ, ಕೆಳಗೆ ಊರು, ವಯಸ್ಸು, ಗೃಹಿಣಿ ಎಂದು ಬರೆದಿದ್ದರು. ಕೈ ಮುಗಿದ ಚಿತ್ರಗಳು ಸಾಲಾಗಿ ಬರುತ್ತಿದ್ದವು. ಅವುಗಳ ನಡುವೆ ನಾನು ಕನ್ನಡದಲ್ಲಿ ಎರಡು ಪದ ಟೈಪ್ ಮಾಡಿದೆ: ವಿಜ್ಞಾನ ಶಿಕ್ಷಕಿ. ಗೃಹಿಣಿ ಎಂದು ಬರೆದವರು ಅದನ್ನು ಬದಲಿಸಲಿಲ್ಲ.

ಶನಿವಾರದ ಹಿಟ್ಟನ್ನು ಹೇಗೋ ನಾದಿದೆ. ಉಂಡೆ ಮಾಡಿ, ಹಿಟ್ಟು ಉದುರಿಸಿ, ಬಡಿಯಲು ತೊಡಗಿದೆ. ತಟ್ ತಟ್ ತಟ್... ಹೃತ್ಕರ್ಣದಿಂದ ಹೃತ್ಕುಕ್ಷಿಗೆ. ಅರ್ಧ ಸುತ್ತು ತಿರುಗುವಷ್ಟರಲ್ಲಿ ಅಂಚು ಬಿರಿಯಿತು. ಮತ್ತೆ ಉಂಡೆ ಕಟ್ಟಿದೆ, ಮತ್ತೆ ಬಿರಿಯಿತು. ನೀರು ಸಾಲದೋ, ಕುದಿ ಸಾಲದೋ, ಕೈಯೇ ಸಾಲದೋ, ನನಗೆ ತಿಳಿಯಲಿಲ್ಲ. ಮೊಣಕೈವರೆಗೂ ಹಿಟ್ಟಾದ ಕೈಯನ್ನು, ತರಗತಿಯಲ್ಲಿ ಎತ್ತುವ ಹಾಗೆ, ಕಿಟಕಿಯ ಕಡೆ ಎತ್ತಿ ಹಿಡಿದೆ. ಹೊರಗೆ ನ್ಯೂ ಲಿನ್‌ಗೆ ಒಂದು ರೈಲು ಬಂದು, ನಿಂತು, ಹೆಂಡರ್ಸನ್ ಕಡೆ ಹೊರಟಿತು.